ಕಾರವಾರದ ಕಡಲ ಮೇಲೆ ಬಿದ್ದದ್ದು ಕ್ಷಿಪಣಿಯಾ, ವಿಮಾನವಾ? ವಿಡಿಯೊ ನೋಡಿ ಪತ್ತೆ ಹಚ್ಚೋದು ಹೇಗೆ?

ಕಾಳಿ_ಸೇತುವೆ (ಪ್ರಶ್ನೆ):

ಮೂರು ದಿನದಿಂದ ಇಲ್ಲಿನ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ವಿಡಿಯೊ ಸುತ್ತುತ್ತಿದೆ. ಟ್ಯಾಗೋರ್ ಕಡಲತೀರದಿಂದ ತೆಗೆದದ್ದು, ಉದ್ದ 48 ಸೆಕೆಂಡು. ಜನವರಿ ಮಧ್ಯದ ಸಂಜೆ, ಹೊತ್ತು ಮುಳುಗಿಯಾಗಿದೆ. ದೇವಗಡದ ದೀಪಸ್ತಂಭದಿಂದ ಸ್ವಲ್ಪ ಎಡಕ್ಕೆ, ಸಮುದ್ರದ ಮೇಲೆ ಕೆಂಡದ ಬಣ್ಣದ ಗೆರೆಯೊಂದು ನೆಟ್ಟಗೆ ನಿಂತಿದೆ. ಅದರ ಕೆಳತುದಿ ನಿಧಾನವಾಗಿ ನೀರಿನ ಕಡೆಗೆ ಜಾರುತ್ತದೆ. ಸದ್ದಿಲ್ಲ.

ಒಂದು ಗುಂಪಿನಲ್ಲಿ 'ನೌಕಾನೆಲೆಯ ಗುಪ್ತ ಕ್ಷಿಪಣಿ ಪರೀಕ್ಷೆ' ಅಂತಾರೆ. ಇನ್ನೊಂದರಲ್ಲಿ 'ವಿಮಾನಕ್ಕೆ ಬೆಂಕಿ ಬಿದ್ದು ಸಮುದ್ರಕ್ಕೆ ಉರುಳಿತು, ಸುದ್ದಿ ಮುಚ್ಚಿಟ್ಟರು' ಅಂತ. ಮೂರನೆಯವರು ಆಕಾಶದಿಂದ ವಿಷ ಸಿಂಪಡಿಸ್ತಿದಾರೆ ಅನ್ನೋ ಪಕ್ಷ. ನನ್ನ ಅಂದಾಜಿಗೆ ಅದೊಂದು ಸಾದಾ ಪ್ರಯಾಣಿಕ ವಿಮಾನ. ಆದರೆ ಫ್ಲೈಟ್‌ರಾಡಾರ್24 ಅನ್ನೋ ವಿಮಾನ ಟ್ರ್ಯಾಕರಿನಲ್ಲಿ ಆ ದಿನದ 18:35ಕ್ಕೆ ಹಿಂದೆ ಹೋಗಿ ನೋಡಿದರೆ ಕಾರವಾರದ ಪಶ್ಚಿಮಕ್ಕೆ ಹೊಂದುವಂಥದ್ದು ಒಂದೂ ಇಲ್ಲ. 'ನೋಡಿದ್ರಾ, ಟ್ರ್ಯಾಕರಿನಲ್ಲೇ ಇಲ್ಲ' ಅಂತ ಈಗ ಅದನ್ನೇ ಹಿಡಿದುಕೊಂಡಿದ್ದಾರೆ. ಹೆಸರು-ನಂಬರ್ ಸಮೇತ ತೋರಿಸೋ ದಾರಿ ಇದೆಯಾ?

ಜೊತೆಗೆ ಇನ್ನೊಂದು. ಶಿರಸಿ ಕಡೆಯಿಂದ ರಾತ್ರಿಯ 'ತ್ರಿಕೋನ ದೀಪ'ದ ವಿಡಿಯೊವೂ ಬಂದಿದೆ. ಅದಕ್ಕೇನು ಹೇಳ್ತೀರಿ?

ಆಕಾಶಲೆಕ್ಕ:

ಮೊದಲು ಗಡಿಯಾರ ಸರಿ ಮಾಡಿಕೊಳ್ಳಿ ಮಾರಾಯ್ರೆ. ಟ್ರ್ಯಾಕರಿನ ಹಳೆಯ ದಾಖಲೆ ಓಡೋದು ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನೀವು 18:35 ಅಂತ ಕೊಟ್ಟಿದ್ದರೆ ನೋಡಿದ್ದು ನಮ್ಮ ರಾತ್ರಿ 12 ಗಂಟೆ 5 ನಿಮಿಷದ ಆಕಾಶ. ಕೊಡಬೇಕಾದ್ದು 13:05. 'ಟ್ರ್ಯಾಕರಿನಲ್ಲಿ ಇಲ್ಲ' ಅನ್ನೋ ವಾದಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ. ಪುಕ್ಕಟೆ ಖಾತೆಯಲ್ಲಿ ಏಳು ದಿನದ ದಾಖಲೆ ಮಾತ್ರ ಸಿಗುತ್ತದೆ, ಹಾಗಾಗಿ ತಡ ಮಾಡಬೇಡಿ.

ಎರಡನೆಯದು, 18:35 ಅನ್ನೋದು ಎಲ್ಲಿಂದ ಬಂತು? ವಾಟ್ಸಾಪಿನಲ್ಲಿ ಬಂದ ಫೈಲಿನ ಹೆಸರಲ್ಲಿರೋ ತಾರೀಖು ನಿಮಗೆ ತಲುಪಿದ ದಿನದ್ದು, ತೆಗೆದ ದಿನದ್ದಲ್ಲ. ವಾಟ್ಸಾಪು ವಿಡಿಯೊವನ್ನು ಕುಗ್ಗಿಸಿ ಕಳಿಸುವಾಗ ಒಳಗಿನ ಮಾಹಿತಿಯನ್ನೂ ಕಿತ್ತು ಹಾಕುತ್ತದೆ. ತೆಗೆದವರನ್ನೇ ಹಿಡಿದು ಮೂಲ ಫೈಲನ್ನು ಡ್ರೈವಿಗೆ ಹಾಕಿಸಿಕೊಳ್ಳಿ, ಇಲ್ಲವೇ ವಾಟ್ಸಾಪಿನಲ್ಲೇ 'ಡಾಕ್ಯುಮೆಂಟ್' ಆಗಿ ಕಳಿಸೋಕೆ ಹೇಳಿ. ಮೂಲ ಫೈಲಿನೊಳಗೆ ಬರೆದ ಸಮಯವೂ ಸಾಮಾನ್ಯವಾಗಿ ಯುಟಿಸಿಯೇ. ಕೆಲವು ಆಂಡ್ರಾಯ್ಡ್ ಫೋನು ರೆಕಾರ್ಡಿಂಗ್ ಮುಗಿದ ಕ್ಷಣವನ್ನು ಬರೆಯುತ್ತವೆ, ಶುರುವಾದದ್ದನ್ನಲ್ಲ. 48 ಸೆಕೆಂಡಿನಲ್ಲಿ ವಿಮಾನ 11 ಕಿಲೋಮೀಟರ್ ಹೋಗಿರುತ್ತದೆ, ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಬಣ್ಣದ ಬಗ್ಗೆ. ಜನವರಿ ಮಧ್ಯದಲ್ಲಿ ಕಾರವಾರದಲ್ಲಿ ಸೂರ್ಯಾಸ್ತ ಹೆಚ್ಚುಕಡಿಮೆ 6:22ಕ್ಕೆ. ನೆಲದ ಮೇಲೆ ನಿಂತವನಿಗೆ ಮುಳುಗಿದ ಸೂರ್ಯ 38,000 ಅಡಿಯಲ್ಲಿ, ಅಂದರೆ 11.6 ಕಿಲೋಮೀಟರ್ ಎತ್ತರದಲ್ಲಿ ಇರೋದಕ್ಕೆ ಇನ್ನೂ ಮುಳುಗಿರೋದಿಲ್ಲ. ಆ ಎತ್ತರದಿಂದ ದಿಗಂತ ಸುಮಾರು ಮೂರೂವರೆ ಡಿಗ್ರಿ ಕೆಳಗಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಅಷ್ಟು ಇಳಿಯೋಕೆ 15 ನಿಮಿಷ ಬೇಕು. ವಿಮಾನ ಪಶ್ಚಿಮಕ್ಕೆ ನೂರಿಪ್ಪತ್ತು ಕಿಲೋಮೀಟರ್ ಆಚೆ ಇದ್ದರೆ ಮತ್ತೆ ನಾಲ್ಕು ನಿಮಿಷ ಸೇರಿಸಿ. ಹಾಗಾಗಿ 6:35ಕ್ಕೆ ನಮಗೆ ಮಬ್ಬುಗತ್ತಲೆ, ಅಲ್ಲಿ ಮೇಲೆ ಕೆಂಪು ಬಿಸಿಲು. ವಿಮಾನದ ಹಿಂದೆ ಹೆಪ್ಪುಗಟ್ಟಿದ ಆವಿಯ ಗೆರೆ ಅದು; ಉರಿಯುತ್ತಿಲ್ಲ, ಬೆಳಗುತ್ತಿದೆ. ನಿಜವಾದ ಬೆಂಕಿಯಾದರೆ ಹೊಗೆ ಕಪ್ಪಗೆ ಇರಬೇಕಿತ್ತು, ಬೆಳಕಿನ ಬಿಂದು ತುದಿಯಲ್ಲಿ ಮಾತ್ರ ಇರಬೇಕಿತ್ತು. ನಿಮ್ಮ ವಿವರಣೆಯಲ್ಲಿ ಇಡೀ ಗೆರೆಗೇ ಒಂದೇ ಬಣ್ಣ.

ಬೀಳುವ ಹಾಗೆ ಕಾಣೋದು ಕಣ್ಣಿನ ಮೋಸ. ನಮ್ಮಿಂದ ನೇರ ದೂರ ಹೋಗುವ ವಿಮಾನ ಒಂದೇ ಎತ್ತರದಲ್ಲಿ ಹಾರಿದರೂ ದಿಗಂತದ ಕಡೆ ಇಳಿದಂತೆ ಕಾಣುತ್ತದೆ, ರೈಲು ಹಳಿ ದೂರದಲ್ಲಿ ಕೂಡಿಕೊಂಡಂತೆ. ನಮ್ಮ ಕಡೆಗೆ ಬರುವ ವಿಮಾನವಾದರೆ ತಲೆಕೆಳಗು: ಕ್ಷಿಪಣಿ ಸಮುದ್ರದಿಂದ ಎದ್ದಂತೆ ಕಾಣುತ್ತದೆ. 2010ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಸುದ್ದಿವಾಹಿನಿಯ ಹೆಲಿಕಾಪ್ಟರಿನಿಂದ ತೆಗೆದ 'ರಹಸ್ಯ ಕ್ಷಿಪಣಿ' ಇದೇ ಜಾತಿಯದು. ಎರಡು ದಿನದ ಗದ್ದಲದ ನಂತರ, ವಿಮಾನದ ಆವಿಗೆರೆಯಲ್ಲದೆ ಬೇರೇನೋ ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಪೆಂಟಗನ್ನೇ ಹೇಳಿತು.

ಮೂಲ ಫೈಲು ಸಿಕ್ಕಿದ ಮೇಲೆ ಮೂರು ಸಂಖ್ಯೆ ಕೊಡಿ: ಎಷ್ಟು ಪಟ್ಟು ಜೂಮ್, ಮೊದಲ ಫ್ರೇಮಿನಲ್ಲಿ ಗೆರೆಯ ತುದಿ ಸಮುದ್ರದ ಅಂಚಿನಿಂದ ಎಷ್ಟು ಪಿಕ್ಸೆಲ್ ಮೇಲೆ, ಕೊನೆಯ ಫ್ರೇಮಿನಲ್ಲಿ ಎಷ್ಟು. ವಿಎಲ್‌ಸಿ ಪ್ಲೇಯರಿನಲ್ಲಿ ಇಂಗ್ಲಿಷಿನ 'ಇ' ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ.

ಬೈತಖೋಲ್_ಬಂದರು:

ಮೇಲಿನವರು ಹೇಳಿದ್ದು ಸರಿ. 'ಕಾರವಾರದಲ್ಲಿ ವಿಮಾನ ನಿಲ್ದಾಣವೇ ಇಲ್ಲ, ವಿಮಾನ ಎಲ್ಲಿಂದ ಬಂತು' ಅನ್ನುವವರಿಗೆ ನಕ್ಷೆ ತೋರಿಸಿ. ಗೋವಾದ ದಾಬೋಳಿ ನಿಲ್ದಾಣ ಇಲ್ಲಿಂದ ನೇರ ಗೆರೆಯಲ್ಲಿ 70 ಕಿಲೋಮೀಟರ್, ಗೋವಾದ್ದೇ ಮೋಪಾ 105ರ ಆಸುಪಾಸು, ಹುಬ್ಬಳ್ಳಿ 120. ಅದಲ್ಲದೆ ಕೊಲ್ಲಿ ದೇಶಗಳಿಂದ ಬೆಂಗಳೂರು, ಚೆನ್ನೈ ಕಡೆ ಹೋಗಿ ಬರುವವು ನಮ್ಮ ಕರಾವಳಿ ದಾಟಿಯೇ ಹೋಗಬೇಕು.

ಟ್ರ್ಯಾಕರಿನಲ್ಲಿ ಕಾಣದ ವಿಮಾನವೂ ಇದೆ, ಅದನ್ನು ಒಪ್ಪಿಕೊಂಡೇ ಮಾತಾಡಬೇಕು. ದಾಬೋಳಿ ಮೂಲತಃ ನೌಕಾಪಡೆಯ ಐಎನ್ಎಸ್ ಹಂಸ. ಅಲ್ಲಿಂದ ಏಳುವ ಮಿಗ್-29ಕೆ ಯುದ್ಧವಿಮಾನ, ಪಿ-8ಐ ಮತ್ತು ಡಾರ್ನಿಯರ್ ಗಸ್ತು ವಿಮಾನ ಇವು ಎಡಿಎಸ್‌-ಬಿ ಸಂಕೇತವನ್ನು (ವಿಮಾನ ತಾನಿರುವ ಜಾಗವನ್ನು ಸಾರುವ ರೇಡಿಯೊ ಸಂಕೇತ) ಯಾವಾಗಲೂ ಬಿಡಬೇಕೆಂದೇನಿಲ್ಲ. ಆಗ ಆಕಾರ ನೋಡಿಯೇ ಗುರುತಿಸಬೇಕು.

ಎಲ್ಲರೂ ಎಡವೋದು ಪಿ-8ಐ ಹತ್ತಿರ. ಅದು ಬೋಯಿಂಗ್ 737ರ ಒಡಲೇ, ಉದ್ದ 39.5 ಮೀಟರ್. ಆದ್ದರಿಂದ 'ಬೂದು ಬಣ್ಣದ, ಹೆಸರಿಲ್ಲದ, ಕಿಟಕಿಯಿಲ್ಲದ ಪ್ರಯಾಣಿಕ ವಿಮಾನ ತಗ್ಗಿನಲ್ಲಿ ಸುತ್ತು ಹಾಕ್ತಿದೆ' ಅಂತ ಹೆದರಿಸುವ ವಿಡಿಯೊ ಬಂದರೆ ರೆಕ್ಕೆಯ ತುದಿ ನೋಡಿ. ಮಾಮೂಲಿ 737-800ರಲ್ಲಿ ರೆಕ್ಕೆತುದಿ ಮೇಲಕ್ಕೆ ಮಡಚಿರುತ್ತದೆ. ಪಿ-8ಐಯಲ್ಲಿ ಮಡಿಕೆ ಇಲ್ಲ, ತುದಿ ಹಿಂದಕ್ಕೆ ಓರೆಯಾಗಿ ಚೂಪಾಗುತ್ತದೆ. ಬಾಲದ ಹಿಂದೆ ಕೋಲಿನಂತೆ ಚಾಚಿಕೊಂಡಿರೋದು ಜಲಾಂತರ್ಗಾಮಿಯ ಕಾಂತೀಯ ಸುಳಿವು ಹಿಡಿಯುವ ಉಪಕರಣ. ಸಮುದ್ರದ ಮೇಲೆ ತಗ್ಗಿನಲ್ಲಿ ಸುತ್ತೋದೇ ಅದರ ಕೆಲಸ.

ಡಾರ್ನಿಯರ್ 228 ಸಣ್ಣದು, 16.5 ಮೀಟರ್, ರೆಕ್ಕೆ ಒಡಲಿನ ಮೇಲ್ಗಡೆ, ಎರಡು ಪ್ರೊಪೆಲ್ಲರ್. ಫೋನಿನ ಸೆನ್ಸರು ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ತಿರುಗುವ ಅಲಗು ಬಾಳೆಕಾಯಿಯಂತೆ ಬಾಗಿ, ಕೆಲವೊಮ್ಮೆ ಒಡಲಿನಿಂದ ಬಿಟ್ಟು ತೇಲಿದಂತೆ ಕಾಣುತ್ತದೆ. ಅದನ್ನೇ 'ಅನ್ಯಲೋಕದ ಯಂತ್ರ' ಮಾಡಿ ಹಾಕಿದ್ದಾರೆ. ಮಿಗ್-29ಕೆಗೆ ಎರಡು ಲಂಬ ಬಾಲ, ಉದ್ದ 17.3 ಮೀಟರ್. ಹೆಲಿಕಾಪ್ಟರಿಗೆ ಒಂದರ ಮೇಲೊಂದು ಎರಡು ರೆಕ್ಕೆಚಕ್ರ ಇದ್ದು ಬಾಲದಲ್ಲಿ ಚಕ್ರ ಇಲ್ಲದಿದ್ದರೆ ಕಾಮೊವ್, ಹೆಚ್ಚಾಗಿ ಕಾ-31.

ಟ್ಯಾಗೋರ್ ತೀರದಲ್ಲಿ ಐಎನ್ಎಸ್ ಚಾಪಲ್ ಪಕ್ಕ ನಿಂತಿರುವ ಟಿಯು-142 ಬಗ್ಗೆಯೂ ಒಂದು ಮಾತು. 'ಕಾರವಾರಕ್ಕೆ ಬಂದಿಳಿದ ರಷ್ಯನ್ ಬಾಂಬರ್' ಅಂತ ಯಾರಾದರೂ ಅದರ ಚಿತ್ರ ಕಳಿಸಿದರೆ ನಕ್ಕುಬಿಡಿ. 2017ರಲ್ಲೇ ನಿವೃತ್ತಿಯಾದ ನಮ್ಮದೇ ನೌಕಾಪಡೆಯ ವಿಮಾನ ಅದು.

ಮತ್ತೆ, ಪತ್ತೆ ಹಚ್ಚುವ ಹುರುಪಿನಲ್ಲಿ ಅರ್ಗಾ, ಬಿಣಗಾ ಕಡೆ ನೌಕಾನೆಲೆಯತ್ತ ಫೋನು ತಿರುಗಿಸಬೇಡಿ. ಆಮೇಲೆ ನಿಮ್ಮನ್ನೇ ಪತ್ತೆ ಹಚ್ಚಲು ಬರ್ತಾರೆ.

ಮಳೆ_ಅಡಿಕೆ_ಶಿರಸಿ:

ತ್ರಿಕೋನ ದೀಪಕ್ಕೆ ಬರೋಣ. ಆ ವಿಡಿಯೊ ನಮ್ಮ ಗುಂಪಿಗೂ ಬಂದಿದೆ. ರಾತ್ರಿ ವಿಮಾನ ಗುರುತಿಸೋಕೆ ಆಕಾರ ಮರೆತು ಬಣ್ಣ ಮತ್ತು ಮಿಣುಕು ನೋಡಬೇಕು. ಎಡ ರೆಕ್ಕೆಯಲ್ಲಿ ಕೆಂಪು, ಬಲದಲ್ಲಿ ಹಸಿರು, ಹಿಂದೆ ಬಿಳಿ, ಇವು ಮಿಣುಕೋದಿಲ್ಲ. ಒಡಲಿನ ಮೇಲೆ-ಕೆಳಗೆ ಕೆಂಪು, ರೆಕ್ಕೆತುದಿಯಲ್ಲಿ ಬಿಳಿ, ಇವು ಮಿಣುಕುತ್ತವೆ. ನಿಯಮದ ಪ್ರಕಾರ ನಿಮಿಷಕ್ಕೆ 40ರಿಂದ 100 ಸಲ. ಅಲ್ಲಿಗೆ ಎರಡು ರೆಕ್ಕೆ, ಒಂದು ಒಡಲು, ತ್ರಿಕೋನ ಆಯಿತಲ್ಲ. ಏರ್‌ಬಸ್ 320 ಸಾಮಾನ್ಯವಾಗಿ ಟಕ್-ಟಕ್ ಅಂತ ಜೋಡಿ ಮಿಂಚು ಹೊಡೆಯುತ್ತದೆ, 737 ಒಂಟಿ ಮಿಂಚು. ಈ ವಿಡಿಯೊದಲ್ಲಿ ಜೋಡಿ ಮಿಂಚಿದೆ, ಎಣಿಸಿ ನೋಡಿ. ಕೆಂಪು ದೀಪ ನಿಮ್ಮ ಬಲಗಡೆ ಕಂಡರೆ ಅದು ನಿಮ್ಮತ್ತ ಬರ್ತಿದೆ ಅಂತ ಅರ್ಥ.

'ಒಂದೇ ಕಡೆ ಐದು ನಿಮಿಷ ನಿಂತಿತ್ತು' ಅನ್ನೋದು ಎದುರು ಮುಖವಾಗಿ ಬರುವ ವಿಮಾನದ ಲ್ಯಾಂಡಿಂಗ್ ದೀಪ. ಹುಬ್ಬಳ್ಳಿ ಇಲ್ಲಿಂದ 85 ಕಿಲೋಮೀಟರ್. ಇಳಿಯಲು ನಮ್ಮತ್ತ ಮುಖ ಮಾಡಿ ಬರುವ ವಿಮಾನ ತಿರುಗುವ ತನಕ ಅಲ್ಲಾಡಿದಂತೆಯೇ ಕಾಣೋದಿಲ್ಲ, ತಿರುಗಿದ ಕೂಡಲೇ 'ಮಾಯ'. ಸದ್ದು ಇಲ್ಲ ಅನ್ನೋದಕ್ಕೂ ಉತ್ತರ ಇದೆ: 11 ಕಿಲೋಮೀಟರ್ ಮೇಲಿನಿಂದ ಸದ್ದು ಕೆಳಗೆ ಬರೋಕೆ ಸುಮಾರು 35 ಸೆಕೆಂಡು, ಅಷ್ಟರಲ್ಲಿ ವಿಮಾನ ಎಂಟು ಕಿಲೋಮೀಟರ್ ಮುಂದೆ. 20 ಸೆಕೆಂಡಿನ ವಿಡಿಯೊದಲ್ಲಿ ಸದ್ದು ಹುಡುಕಿದರೆ ಎಲ್ಲಿ ಸಿಗಬೇಕು?

ಮಿಣುಕದೆ ಸಮನಾಗಿ ಸಾಗಿ, ನಡುದಾರಿಯಲ್ಲಿ ಮಂಕಾಗಿ ಅಳಿದರೆ ಉಪಗ್ರಹ, ಭೂಮಿಯ ನೆರಳಿಗೆ ಹೋಯಿತು ಅಷ್ಟೆ. ಮಣಿಸರದಂತೆ ಸಾಲಾಗಿ ಹೋದರೆ ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್. ನೆತ್ತಿಯ ಮೇಲೆ ಬಾಹ್ಯಾಕಾಶ ನಿಲ್ದಾಣದ ವೇಗ ಸೆಕೆಂಡಿಗೆ ಒಂದು ಡಿಗ್ರಿ ಚಿಲ್ಲರೆ, ವಿಮಾನದ್ದೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ವೇಗವೊಂದನ್ನೇ ನಂಬಬೇಡಿ. ಕರಾವಳಿಯಲ್ಲಿ ಇನ್ನೊಂದಿದೆ: ದಿಗಂತದ ಹತ್ತಿರ ತೇಲುವ ಬಿಳಿ-ಹಸಿರು ಬೆಳಕಿನ ಗುಂಪು. ಅದು ಬೆಳಕು ಬಿಟ್ಟು ಮೀನು ಸೆಳೆಯುವ ಲೈಟ್ ಫಿಶಿಂಗ್ ದೋಣಿಯ ಎಲ್ಇಡಿ. ನಿಷೇಧ ಇದೆ, ದೋಣಿಯೂ ಇದೆ.

ಝೂಮ್ ಮಾಡಿದ 'ರೆಕ್ಕೆಯಿಲ್ಲದ ಗುಳಿಗೆ' ಚಿತ್ರಗಳನ್ನಂತೂ ನಂಬಲೇಬೇಡಿ. ಫೋನಿನ ಮುಖ್ಯ ಕ್ಯಾಮರಾದಲ್ಲಿ 1080 ವಿಡಿಯೊ ತೆಗೆದರೆ 11 ಕಿಲೋಮೀಟರ್ ದೂರದ ಏರ್‌ಬಸ್ 320 ಬೀಳೋದು ಐದೇ ಐದು ಪಿಕ್ಸೆಲಿನಲ್ಲಿ. ಬೆರಳಿನಿಂದ ಎಳೆದು ಹಿಗ್ಗಿಸಿದರೆ ಆ ಐದೇ ಹಿಗ್ಗುತ್ತದೆ, ಉಳಿದದ್ದೆಲ್ಲ ಫೋನು ತಾನೇ ಬರೆದುಕೊಂಡದ್ದು. ತೆಳ್ಳಗಿನ ರೆಕ್ಕೆ ಮೊದಲು ಹೋಗುತ್ತದೆ, ಒಡಲು ಉಳಿಯುತ್ತದೆ.

ವಿಷ ಸಿಂಪಡಣೆಯವರಿಗೆ: ಒಂದು ಕಿಲೋ ವಿಮಾನ ಇಂಧನ ಉರಿದರೆ ಒಂದೂಕಾಲು ಕಿಲೋ ನೀರಾವಿ ಬರುತ್ತದೆ. ಸುತ್ತಲಿನ ಗಾಳಿ ಸುಮಾರು ಮೈನಸ್ 40 ಡಿಗ್ರಿಗಿಂತ ತಣ್ಣಗಿದ್ದರೆ ಅದು ಹೆಪ್ಪುಗಟ್ಟಿ ಗೆರೆಯಾಗುತ್ತದೆ. ಗಾಳಿ ಒಣಗಿದ್ದರೆ ಗೆರೆ ಚಿಕ್ಕದು, ತೇವವಿದ್ದರೆ ಗಂಟೆಗಟ್ಟಲೆ ಹರಡಿಕೊಂಡು ನಿಲ್ಲುತ್ತದೆ. 'ಒಂದು ವಿಮಾನ ಗೆರೆ ಬಿಡ್ತು, ಇನ್ನೊಂದು ಬಿಡಲಿಲ್ಲ, ಯಾಕೆ' ಅನ್ನೋದು ಅವರ ದೊಡ್ಡ ಪ್ರಶ್ನೆ. ಯುರೋಪಿನಲ್ಲಿ 30,000 ಅಡಿಯಲ್ಲಿ ಸಿಗುವ ಚಳಿ ನಮ್ಮ ಉಷ್ಣವಲಯದಲ್ಲಿ ಸಿಗೋದು 36ರಿಂದ 40 ಸಾವಿರದಲ್ಲಿ. ಆದ್ದರಿಂದ ಇಲ್ಲಿ 33,000ದಲ್ಲಿ ಹೋದದ್ದು ಬರಿದಾಗಿ, 39,000ದಲ್ಲಿ ಹೋದದ್ದು ಗೆರೆ ಎಳೆದು ಹೋಗೋದು ಮಾಮೂಲಿ. ಇದನ್ನು ಬಾಯಿಮಾತಿಗೆ ಬಿಡಬೇಕಿಲ್ಲ. ಪಣಜಿಯಿಂದ ಹವಾಮಾನ ಇಲಾಖೆ ಬಲೂನು ಹಾರಿಸುತ್ತದೆ, ಕೇಂದ್ರ ಸಂಖ್ಯೆ 43192. ವ್ಯೋಮಿಂಗ್ ವಿಶ್ವವಿದ್ಯಾಲಯದ ತಾಣದಲ್ಲಿ ಆ ದಿನದ ಪಟ್ಟಿ ತೆಗೆದು 250 ಮತ್ತು 200 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡ; ಪಟ್ಟಿಯಲ್ಲಿ ಎತ್ತರ ಗುರುತಿಸೋದು ಇದರಿಂದಲೇ) ಸಾಲಿನ ಉಷ್ಣಾಂಶ ನೋಡಿ. ಸಂಜೆಯ ದಾಖಲೆ ಇಲ್ಲದಿದ್ದರೆ ಬೆಳಗಿನ 00 ಯುಟಿಸಿಯದೂ ನಡೆಯುತ್ತದೆ, ಆ ಎತ್ತರದಲ್ಲಿ ಹಗಲು-ರಾತ್ರಿಗೆ ಹೆಚ್ಚು ಏರುಪೇರಿಲ್ಲ.

2017ರ 'ವರ್ಷಧಾರಿ' ಮೋಡಬಿತ್ತನೆಯನ್ನು ಯಾರಾದರೂ ಎಳೆದು ತರ್ತಾರೆ, ಖಂಡಿತ. ಅದು ಸಣ್ಣ ವಿಮಾನ, ಮಳೆಮೋಡದ ಹತ್ತಿರವೇ ಹೋಗಿ ರೆಕ್ಕೆಗೆ ಕಟ್ಟಿದ ನಳಿಗೆ ಉರಿಸುತ್ತದೆ. ಮೋಡವೇ ಇಲ್ಲದ ಜನವರಿ ಆಕಾಶದಲ್ಲಿ ಅದಕ್ಕೇನು ಕೆಲಸ?

ಕಾಳಿ_ಸೇತುವೆ:

ಮೂಲ ಫೈಲು ಸಿಕ್ಕಿತು. ಅಡ್ಡ ಹಿಡಿದು ತೆಗೆದದ್ದು, 1080, ಫೋನಿನ 3 ಪಟ್ಟು ಲೆನ್ಸು. ಒಳಗಿನ ಸಮಯ 13:05:50 ಯುಟಿಸಿ, ಅದು ರೆಕಾರ್ಡಿಂಗ್ ಮುಗಿದ ಸಮಯ ಅಂತ ಅದೇ ಫೋನಿನಲ್ಲಿ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡೆವು. ಸಮುದ್ರದ ಅಂಚಿನಿಂದ ತುದಿಯ ಎತ್ತರ ಮೊದಲ ಫ್ರೇಮಿನಲ್ಲಿ 386 ಪಿಕ್ಸೆಲ್, ಕೊನೆಯದರಲ್ಲಿ 345. ಗುಂಪಿನಲ್ಲಿ ಒಬ್ಬರು ಆಗಲೇ ಲೆಕ್ಕ ಹಾಕಿ ಗಂಟೆಗೆ 1,117 ಕಿಲೋಮೀಟರ್, ಇಷ್ಟು ವೇಗದ ಪ್ರಯಾಣಿಕ ವಿಮಾನ ಇಲ್ಲ ಅಂತಿದಾರೆ.

ಆಕಾಶಲೆಕ್ಕ:

ಅವರ ಗುಣಾಕಾರ ಸರಿ, ಆದರೆ ಭೂಮಿಯನ್ನು ಚಪ್ಪಟೆ ಮಾಡಿಬಿಟ್ಟಿದ್ದಾರೆ. ತೋರಿಸ್ತೇನೆ.

ಮುಖ್ಯ ಕ್ಯಾಮರಾ 26 ಮಿಲಿಮೀಟರಿಗೆ ಸಮ ಅಂತ ಹಿಡಿದರೆ 1920 (ಚಿತ್ರದ ಅಗಲ, ಪಿಕ್ಸೆಲಿನಲ್ಲಿ) × 26 ÷ 36 (ಹಳೆಯ ಫಿಲ್ಮಿನ ಅಗಲ, ಮಿಲಿಮೀಟರಿನಲ್ಲಿ), ಅಂದರೆ 1387. ಮೂರು ಪಟ್ಟಿಗೆ 4161. ಇದು ಆ ಲೆನ್ಸಿನ ಅಳತೆಕೋಲು. 386 ÷ 4161 = 0.0928, ಕೋನ 5.3 ಡಿಗ್ರಿ. 345 ÷ 4161 = 0.0829, ಕೋನ 4.7 ಡಿಗ್ರಿ. 48 ಸೆಕೆಂಡಿನಲ್ಲಿ ಇಳಿದದ್ದು ಬರೀ ಅರ್ಧ ಡಿಗ್ರಿ ಚಿಲ್ಲರೆ, ಒಂದು ಚಂದ್ರನಷ್ಟು. ಹತ್ತು ಕಿಲೋಮೀಟರ್ ದೂರದಲ್ಲಿ ಸೆಕೆಂಡಿಗೆ 200 ಮೀಟರಿನಂತೆ ಬೀಳುವ ವಸ್ತು ಅರ್ಧ ನಿಮಿಷವೂ ಚೌಕಟ್ಟಿನಲ್ಲಿ ಉಳಿಯೋದಿಲ್ಲ, ಸೆಕೆಂಡಿಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯುತ್ತದೆ. 'ಬಿತ್ತು' ಅನ್ನೋದು ಇಲ್ಲಿಗೇ ಮುಗಿಯಿತು.

ಈಗ ದೂರ. ಎತ್ತರ 11.6 ಕಿಲೋಮೀಟರ್ ಅಂತ ಊಹಿಸಿ. ಪಶ್ಚಿಮಕ್ಕೆ ಹೋಗುವವಕ್ಕೆ 36, 38, 40 ಸಾವಿರ ಅಡಿಯ ಸಮಸಂಖ್ಯೆ ಸಿಗುತ್ತದೆ, ಪೂರ್ವಕ್ಕೆ 35, 37, 39. ಹಾಗಾಗಿ 38 ಹಿಡಿದೆ. ಚಪ್ಪಟೆ ಲೆಕ್ಕದಲ್ಲಿ 11.6 ÷ 0.0928 = 125, 11.6 ÷ 0.0829 = 139.9. ವ್ಯತ್ಯಾಸ 14.9 ಕಿಲೋಮೀಟರ್, ಗಂಟೆಗೆ 1,117. ನಿಮ್ಮ ಗುಂಪಿನವರು ಇಲ್ಲಿ ನಿಂತರು.

ಆದರೆ ಅಷ್ಟು ದೂರದಲ್ಲಿ ಭೂಮಿ ಬಾಗಿ ವಿಮಾನ ನಮ್ಮ ಮಟ್ಟಕ್ಕೆ ಹೋಲಿಸಿದರೆ ತಗ್ಗಿರುತ್ತದೆ. ಎಷ್ಟು ತಗ್ಗು ಅಂದರೆ ದೂರದ ವರ್ಗ ÷ 12,742 (ಕಿಲೋಮೀಟರಿನಲ್ಲಿ ಭೂಮಿಯ ವ್ಯಾಸ). 125ಕ್ಕೆ 1.2 ಕಿಲೋಮೀಟರ್ ಬರುತ್ತದೆ, ಅದನ್ನು 11.6ರಿಂದ ಕಳೆದು ಮತ್ತೆ ಭಾಗಿಸಿದರೆ 112. ಹೊಸ ದೂರ ಹಾಕಿ ಮತ್ತೆ ತಗ್ಗು ತೆಗೆಯಿರಿ, ಮೂರ್ನಾಲ್ಕು ಸುತ್ತಿನಲ್ಲಿ 114ಕ್ಕೆ ನಿಲ್ಲುತ್ತದೆ. ಎರಡನೆಯದು ಹೀಗೇ 125ಕ್ಕೆ. ವ್ಯತ್ಯಾಸ 11 ಕಿಲೋಮೀಟರ್, ಗಂಟೆಗೆ 830ರ ಹತ್ತಿರ. ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಸೇರಿಸಿದರೆ 860. ಜೆಟ್ ವಿಮಾನದ ಮಾಮೂಲಿ ವೇಗ.

ತಪ್ಪು ಎಲ್ಲಿ ನುಸುಳಬಹುದು ಅಂದರೆ, ಅಳತೆಯಲ್ಲಿ 4 ಪಿಕ್ಸೆಲ್ ಆಚೀಚೆಯಾದರೆ ವೇಗದಲ್ಲಿ ಹತ್ತು ಪರ್ಸೆಂಟ್ ಹೋಯಿತು. ವಿಡಿಯೊ ನಡುಗದಂತೆ ಫೋನು ಅಂಚು ಕತ್ತರಿಸಿದರೆ 4161 ಅನ್ನೋದೇ ಬದಲಾಗುತ್ತದೆ. ಅದನ್ನು ಪರೀಕ್ಷಿಸೋಕೆ ಅದೇ ಫೋನಿನಲ್ಲಿ, ಅದೇ 3 ಪಟ್ಟಿನಲ್ಲಿ, ಬೆಳಕು ಇಳಿಸಿ ಹುಣ್ಣಿಮೆ ಚಂದ್ರನ ವಿಡಿಯೊ ತೆಗೆಯಿರಿ. ಅಗಲ 38 ಪಿಕ್ಸೆಲಿನ ಆಸುಪಾಸು ಬರಬೇಕು. 42 ಬಂದರೆ ಅಳತೆಕೋಲನ್ನೂ ಹತ್ತು ಪರ್ಸೆಂಟ್ ಉದ್ದ ಮಾಡಿ.

ಈಗ 13:05ಕ್ಕೆ ಟ್ರ್ಯಾಕರ್ ತೆರೆದು ಕಾರವಾರದಿಂದ ಪಶ್ಚಿಮಕ್ಕೆ 115ರಿಂದ 125 ಕಿಲೋಮೀಟರಿನ ಪಟ್ಟಿಯಲ್ಲಿ ಮಾತ್ರ ನೋಡಿ. ದಿಕ್ಕಿಗೆ ದೇವಗಡದ ದೀಪಸ್ತಂಭವೇ ಗುರುತು: ನಿಂತ ಜಾಗದಿಂದ ಅದರ ಮೇಲೆ ಗೆರೆ ಎಳೆದು ಮುಂದುವರಿಸಿ, ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ. ಅಲ್ಲಿ ವಿಮಾನದ ದಾರಿ ಚುಕ್ಕೆಗೆರೆಯಾಗಿದ್ದರೆ ಅದು ಅಂದಾಜು, ನಿಜವಾದ ಸಂಕೇತವಲ್ಲ. ಆಗ ಎಡಿಎಸ್‌-ಬಿ ಎಕ್ಸ್‌ಚೇಂಜ್ ಅನ್ನೋ ಇನ್ನೊಂದು ಟ್ರ್ಯಾಕರಿನಲ್ಲೂ ತಾಳೆ ನೋಡಿ.

ಕಾಳಿ_ಸೇತುವೆ:

ಸಿಕ್ಕಿತು. ಆ ಪಟ್ಟಿಯಲ್ಲಿ ಇದ್ದದ್ದು ಒಂದೇ. ಬೋಯಿಂಗ್ 777, ಕೊಲ್ಲಿ ಕಡೆಗೆ, 38,000 ಅಡಿ, 455 ನಾಟ್, ಅಂದರೆ 843 ಕಿಲೋಮೀಟರ್. ಗೆರೆ ಪೂರ್ತಿ ಗಟ್ಟಿಯಾಗಿದೆ, ಚುಕ್ಕೆ ಅಲ್ಲ. ಪಣಜಿಯ ಬಲೂನಿನ ಪಟ್ಟಿಯಲ್ಲಿ ಆ ಎತ್ತರಕ್ಕೆ ಮೈನಸ್ 48. ಪರದೆಯ ಚಿತ್ರ ಗುಂಪಿಗೆ ಹಾಕಿದೆ. ಈಗ ಹೊಸ ಪ್ರಶ್ನೆ: ನಡುವೆ ಎರಡು ಕಡೆ ಗೆರೆ ತುಂಡಾಗಿದೆ, ಸಿಂಪಡಣೆಯ ನಲ್ಲಿ ನಿಲ್ಲಿಸಿ ಮತ್ತೆ ಬಿಟ್ಟರಂತೆ.

ಮಳೆ_ಅಡಿಕೆ_ಶಿರಸಿ:

ಅದು ಒಣ ಗಾಳಿಯ ಪಟ್ಟಿ. ಅಲ್ಲಿ ಹೆಪ್ಪುಗಟ್ಟಿದ ಆವಿ ಕೂಡಲೇ ಕರಗಿಬಿಡುತ್ತದೆ. ಅದೇ ಹೊತ್ತಿಗೆ ಅದೇ ಎತ್ತರದಲ್ಲಿ ಹಿಂದೆ ಇನ್ನೊಂದು ವಿಮಾನ ಹೋಗಿದ್ದರೆ ಅದರ ಗೆರೆಯೂ ಹೆಚ್ಚುಕಡಿಮೆ ಅಲ್ಲೇ ತುಂಡಾಗಿರುತ್ತದೆ, ಗಾಳಿ ತಳ್ಳಿದಷ್ಟು ಮಾತ್ರ ಸರಿದಿರುತ್ತದೆ. ಆ ಸಂಜೆಯ ಬೇರೆ ವಿಡಿಯೊ ಯಾರ ಹತ್ತಿರವಾದರೂ ಇದೆಯಾ ಕೇಳಿ.